ರಕ್ತವಿಲ್ಲದ ಸಿನಿಮಾ

“ಇದಕ್ಕೆ ಹದಿನೆಂಟು” ಎಂದರು ವಯಸ್ಸಿನ ಮಿತಿ ಗೊತ್ತುಮಾಡುವ ಮಂಡಳಿಯ ಹಿರಿಯ ಪರೀಕ್ಷಕರು, ಪರದೆ ಪೂರ್ತಿ ಕಪ್ಪಾಗುವ ಮೊದಲೇ.

ಉಳಿದಿಬ್ಬರು ಮುಖ ಮುಖ ನೋಡಿಕೊಂಡರು. ಅಂದು ಬೆಳಿಗ್ಗೆ ಇದೇ ಕೋಣೆಯಲ್ಲಿ, ರಾಶಿ ರಾಶಿ ತಲೆ ಉರುಳುವ ವಿಡಿಯೋ ಗೇಮೊಂದನ್ನು ಏಳು ವರ್ಷದ ಮಕ್ಕಳೂ ಆಡಬಹುದೆಂದು ಮೂವರೂ ಒಪ್ಪಿದ್ದರು. ಸತ್ತವರು ಅನ್ಯಗ್ರಹದವರು, ರಕ್ತ ಹಸಿರು. ನಿಯಮದ ಪ್ರಕಾರ ಹಸಿರು ರಕ್ತ ರಕ್ತವೇ ಅಲ್ಲ. ಈ ಸಿನಿಮಾದಲ್ಲೋ ಹಸಿರೂ ಇಲ್ಲ, ಕೆಂಪೂ ಇಲ್ಲ. ಒಬ್ಬ ಅಪ್ಪ, ಒಂದು ಮಗು, ಒಂದು ಊಟದ ಮೇಜು. ಮಗು ಮಾತಾಡಿಸುತ್ತದೆ. ಅಪ್ಪ ಟಿ.ವಿ. ಸದ್ದು ಏರಿಸುತ್ತಾನೆ. ಅಷ್ಟೇ.

“ಒಂದು ಬೈಗುಳ ಕೂಡ ಇಲ್ವಲ್ಲ ಸರ್” ಎಂದರು ಪಕ್ಕದಲ್ಲಿದ್ದ ಮನಶ್ಶಾಸ್ತ್ರಜ್ಞೆ. “ಶಾಲೆಗಳಲ್ಲಿ ತೋರಿಸೋಕೇ ಅಂತ ಮಾಡಿರೋದು. ಮಾಡಿದವರಿಗೆ ಇದು ಮೊದಲನೇ ಸಿನಿಮಾ ಬೇರೆ. ಹದಿನೆಂಟು ಕೊಟ್ರೆ ಅಲ್ಲಿಗೆ ಮುಗೀತು.”

“ಹೂಂ” ಎಂದು ಹಿರಿಯರು ಕನ್ನಡಕ ಒರೆಸಿಕೊಂಡರು.

ಮಾಡಿದವರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ. ಪಕ್ಷಪಾತ ಆಗಬಾರದೆಂದು ಹೆಸರುಗಳನ್ನು ಮರೆಮಾಡಿಯೇ ತೋರಿಸುವುದು ಇಲ್ಲಿಯ ಪದ್ಧತಿ. ನಿರ್ದೇಶಕರು ಹೊರಗಿನ ಬೆಂಚಿನ ಮೇಲೆ ಜೀವ ಕೈಯಲ್ಲಿ ಹಿಡಿದು ಕೂತಿದ್ದಾರೆಂದು ಜವಾನ ಆಗಲೇ ಬಂದು ಹೇಳಿದ್ದ.

ತೆರೆಯ ಮೇಲಿನ ಆ ಅಪ್ಪನನ್ನು ನೆನೆದರೆ ಹಿರಿಯರಿಗೆ ಮೈ ಉರಿಯುತ್ತಿತ್ತು. ಅವನೂ ಒಬ್ಬ ಮನುಷ್ಯನೇ? ಮಗು ಚಿತ್ರ ಬಿಡಿಸಿ ಆಸೆಯಿಂದ ಮುಂದಿಟ್ಟರೆ, ನೋಡದೆ ಅದರ ಮೇಲೇ ಕಾಫಿ ಲೋಟ ಇಟ್ಟ. ಇಂಥ ಕಲ್ಲನ್ನು ಕಂಡ ಎಳೆಯ ಮನಸ್ಸು ಏನಾಗಬೇಡ? ವರ್ಷಗಟ್ಟಲೆ ಲೋಕದ ಮಕ್ಕಳ ಕಣ್ಣು ಕಿವಿ ಕಾಯುತ್ತ ಬಂದವರು ಅವರು. ಆ ಭರದಲ್ಲಿ ಎಷ್ಟೋ ಸಲ ಮನೆಯ ಕಡೆ ತಲೆ ಹಾಕಲೂ ಪುರುಸೊತ್ತಾಗಿರಲಿಲ್ಲ.

ಮೂರನೆಯವರು ವಕೀಲರು. ಕಾರಣವನ್ನು ಯಾವ ಶೀರ್ಷಿಕೆಗೆ ಸೇರಿಸುವುದು ಎಂದು ತಡಕಾಡಿದರು. ಮದ್ಯವೇ, ನಗ್ನತೆಯೇ, ಭಾಷೆಯೇ?

“ಕ್ರೌರ್ಯ ಅಂತ ಬರೀರಿ.”

“ಆ ಅಪ್ಪ ಏನೂ ಮಾಡಲ್ವಲ್ಲ ಸರ್.”

“ಅದೇ ಕ್ರೌರ್ಯ.”

ಹಿರಿಯರಿಗೆ ಎದುರಾಡಿ ಇಬ್ಬರಿಗೂ ಅಭ್ಯಾಸವಿರಲಿಲ್ಲ. ಸಹಿಗಳು ಬಿದ್ದವು. ನಿರ್ದೇಶಕರನ್ನು ಒಳಗೆ ಕರೆಸಿದರು. ಹಿರಿಯರು ಫೈಲಿನಿಂದ ತಲೆ ಎತ್ತದೆ ತೀರ್ಪು ಓದಿದರು: ಹದಿನೆಂಟು ತುಂಬುವ ಮೊದಲು ಯಾವ ಮಗುವೂ ಇಂಥ ತಂದೆಯನ್ನು ನೋಡಕೂಡದು.

ಹಿರಿಯರು ಮುಂದಿನ ಫೈಲಿಗೆ ಕೈ ಚಾಚಿದರು.

ಬಾಗಿಲ ಬಳಿ ನಿಂತಿದ್ದ ನಿರ್ದೇಶಕಿ ಮೆಲ್ಲಗೆ ಕೇಳಿದಳು: “ಹಾಗಾದ್ರೆ ನನಗೆ ಮಾತ್ರ ಹುಟ್ಟಿದಾಗಿಂದ ದಿನಾ ಯಾಕೆ ತೋರಿಸಿದ್ರಿ, ಅಪ್ಪ?”