ಶೈಲಶ್ರೀ ಕಟ್ಟಿದ ಊರು

"ನೀ ಕಟ್ಟಿದ ಊರಿಗೆ ಯಾರೂ ಕೈ ಹಚ್ಚಂಗಿಲ್ಲ" ಎಂದು ರೇವಣಸಿದ್ದ ಮಗಳು ಶೈಲಶ್ರೀಗೆ ಕಂಪ್ಯೂಟರ್ ತಂದ ವರ್ಷವೇ ಮಾತು ಕೊಟ್ಟಿದ್ದ. ಅವಳು ಅದರಲ್ಲಿ ಆಡುತ್ತಿದ್ದುದು ಊರು ಕಟ್ಟುವ ಆಟ. ಅವಳ ಊರಿನಲ್ಲಿ ಅಜ್ಜಿ ರುಕ್ಮವ್ವನ ಹೆಸರಿನ ಬಸ್ ಸ್ಟ್ಯಾಂಡೂ ಇತ್ತು.

ಈಗ ವೈರಸ್ ಬಂತೆಂದು ಅವನೇ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿ ರೀಸೆಟ್ ಮಾಡಿದ್ದ. ಆಟ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ ಇದ್ದುದರಿಂದ ಭಯವಿರಲಿಲ್ಲ. ಆದರೂ ಅದು ತೆರೆಯದೆ ಭಾನುವಾರವೆಲ್ಲ ಸತಾಯಿಸಿತು. ಕೊನೆಗೆ ರೇವಣಸಿದ್ದ ಡಿಸ್ಕಿನ ಹಳೆಯ ಫೋಲ್ಡರನ್ನೇ ತೋರಿಸಿ ಮತ್ತೆ ಇನ್‌ಸ್ಟಾಲ್ ಮಾಡಿದಾಗ ಆಟದ ಸಂಗೀತ ಕೇಳಿಸಿತು.

"ಬಂತ್ ನೋಡವ್ವಾ!"

"ಆಟ ಬಂತಪ್ಪ, ನನ್ನೂರೆಲ್ಲಿ? ಬರೀ ‘ನ್ಯೂ ಗೇಮ್’ ಅಂತಿದೆ. ‘ಕಂಟಿನ್ಯೂ’ನೇ ಇಲ್ಲ."

"ಸರಿಯಾಗಿ ನೋಡು, ಡಿಸ್ಕಿನಾಗ ಐತಿ."

"ಡಿಸ್ಕಲ್ಲಿರೋದು ಆಟ ಅಷ್ಟೇ. ನಾನು ಆಡಿದ್ದೆಲ್ಲ ಕಂಪ್ಯೂಟರಲ್ಲೇ ಸೇವ್ ಆಗ್ತಿತ್ತಂತೆ, ನೆಟ್ಟಲ್ಲಿ ಬರೆದಿದಾರೆ. ನೀನು ಅದನ್ನೇ ಅಳಿಸ್ಬಿಟ್ಟೆ."

ಪೀಣ್ಯದ ಫ್ಯಾಕ್ಟರಿಯಲ್ಲಿ ಮಷೀನಿನ ಮೆಮೊರಿ ಅಳಿಸುವ ಮುಂಚೆ ಪ್ರೋಗ್ರಾಮಿನ ಜೊತೆ ಸೆಟ್ಟಿಂಗನ್ನೂ ಬೇರೆ ಕಡೆ ತೆಗೆದಿಡುವವನು ಅವನು. ಹೊಸಬರು ಮರೆತರೆ ಎಲ್ಲರೆದುರು ಬೈಯುವವನೂ ಅವನೇ.

"ಮತ್ತ ಕಟ್ಟೋಣ ಬಿಡವ್ವಾ, ನಾನೂ ಕೂಡ್ತೀನಿ."

ಶೈಲಶ್ರೀ ಮೌಸನ್ನು ಅವನ ಕಡೆಗೆ ತಳ್ಳಿದಳು. "ನೀನೇ ಆಡ್ಕೊಳಪ್ಪ."

ರೇವಣಸಿದ್ದ ಕೊಟ್ಟ ಮಾತು ಉಳಿಯಲಿಲ್ಲ.