ಸೊಸೆಗೆ ಬಂದ ಸೀಗಡಿ ಅಲರ್ಜಿ

ಒಣ ಸೀಗಡಿಯನ್ನು ಮಿಕ್ಸಿಗೆ ಹಾಕುವ ಮೊದಲು ಹಮೀದಾಬಿ ಅಡುಗೆಮನೆಯ ಬಾಗಿಲಿಗೆ ಚಿಲಕ ಹಾಕಿದರು. ತಮ್ಮದೇ ಮನೆ, ತಮ್ಮದೇ ಮಿಕ್ಸಿ. ಆದರೂ ಕಳ್ಳರ ಹಾಗೆ ಪುಡಿ ಮಾಡಬೇಕಾಗಿ ಬಂದದ್ದು ಸೊಸೆಯ ದಯೆ. ಮಗಳು ರಿಮ್ಶಾಳನ್ನು ಊಟಕ್ಕೆ ಕರೆತರಲು ಮಗ, ಸೊಸೆ ಇಬ್ಬರೂ ಕಲ್ಯಾಣ ನಗರಕ್ಕೆ ಹೋಗಿದ್ದರು. ಅವರು ಬರುವಷ್ಟರಲ್ಲಿ ವಾಸನೆ ಹೋಗಬೇಕಿತ್ತು.

ಸೊಸೆ ಶಿರೀನಳಿಗೆ ಸೀಗಡಿ ಅಲರ್ಜಿಯಂತೆ. ಹುಟ್ಟಿನಿಂದ ಬಂದದ್ದೂ ಅಲ್ಲ. ಮದುವೆಯಾಗಿ ಎರಡು ವರ್ಷ ಹಮೀದಾಬಿಯ ಸೀಗಡಿ ಪುಲಾವನ್ನು ಬೆರಳು ನೆಕ್ಕಿ ತಿಂದವಳಿಗೆ, ಮೂವತ್ತು ತುಂಬಿದ ಮೇಲೆ ಇದ್ದಕ್ಕಿದ್ದಂತೆ ಮೈಗೆ ಒಗ್ಗದೆ ಹೋಯಿತಂತೆ.

"ದೊಡ್ಡೋರಾದ್ಮೇಲೂ ಬರತ್ತೆ ಅಮ್ಮಿ. ಡಾಕ್ಟ್ರೇ ಹೇಳಿದ್ರು. ಇನ್ಮೇಲೆ ಮನೇಲಿ ಸೀಗಡಿ ಬೇಡ, ಆ ಪಾತ್ರೆ ಕೂಡ ಬೇಡ," ಎಂದವನು ಮಗ ಅಬ್ರಾರ್. ಶಿರೀನ್ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದು ಹಮೀದಾಬಿ ಅಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದರು.

ಆ ಮಾತಿನ ಹಿಂದಿನ ದಿನ ಇಂದಿರಾನಗರದಲ್ಲಿ ಯಾವುದೋ ಆಫೀಸಿನ ಊಟಕ್ಕೆಂದು ಹೋದ ಗಂಡ ಹೆಂಡತಿ, ಬೆಳಗಾದ ಮೇಲೆ ಆಸ್ಪತ್ರೆಯಿಂದ ಮನೆಗೆ ಮರಳಿದ್ದರು. ರೋಗಿ ಎನಿಸಿಕೊಂಡ ಸೊಸೆ ಆಗತಾನೆ ಸ್ನಾನ ಮಾಡಿದವಳಂತೆ ಲಕಲಕ ಎನ್ನುತ್ತಿದ್ದಳು. ನಿದ್ದೆಗೆಟ್ಟು ಅವಳ ಸೇವೆ ಮಾಡಿ ಮುಖ ಊದಿಸಿಕೊಂಡು ಬಂದವನು ಮಗ, ಪಾಪ.

ಫ್ರೇಜರ್ ಟೌನಿನ ಅರ್ಧ ಜನ ಹಮೀದಾಬಿಯ ಸೀಗಡಿ ಪುಲಾವಿಗಾಗಿಯೇ ಹಬ್ಬ ಕಾಯುತ್ತಿದ್ದರು. ಹಾಗೆಂದು ಹಮೀದಾಬಿಯೇ ಎಲ್ಲರಿಗೂ ಹೇಳುತ್ತಿದ್ದರು. ಹಲ್ಲು ಹುಟ್ಟುವ ಮೊದಲೇ ಅಬ್ರಾರ್ ಸೀಗಡಿ ಚಪ್ಪರಿಸಿದ್ದ ಎಂಬ ಕಥೆಯನ್ನು ನೆಂಟರೆಲ್ಲ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದರು. "ನನ್ನ ಕೈಯಡುಗೆ ಒಲ್ಲೆ ಅಂದ ದಿನ ಅವನು ನನ್ನ ಮಗನೇ ಅಲ್ಲ," ಎಂದು ಕಥೆ ಮುಗಿಯುತ್ತಿತ್ತು. ಎಲ್ಲರೂ ನಗುತ್ತಿದ್ದರು. ಹಮೀದಾಬಿ ಮಾತ್ರ ನಗುತ್ತಿರಲಿಲ್ಲ.

ಅಂಥ ಮಗ ಈಗ ಹೆಂಡತಿಯ ಸೆರಗು ಹಿಡಿದಿದ್ದ. ಶಿವಾಜಿನಗರದ ಒಂದು ಮದುವೆಯಲ್ಲಿ ಸೀಗಡಿ ಫ್ರೈ ಕಂಡದ್ದೇ ತಡ, ಅರ್ಧಕ್ಕೆ ಎದ್ದು ಕೈ ತೊಳೆದನಂತೆ. ಹೆಂಡತಿಯೋ, ಪರದೆಯ ಆಚೆ ಹೆಂಗಸರ ಕಡೆ ಕೂತಿದ್ದಳು! ಕಣ್ಣಿಗೆ ಬೀಳದಿದ್ದರೂ ಇಷ್ಟು ಹೆದರಿಕೆ. ಮಗ ಕೈತಪ್ಪಿ ಹೋಗುತ್ತಿದ್ದ. ಅವನನ್ನು ಮರಳಿ ಪಡೆಯಲು ಇದ್ದದ್ದು ಒಂದೇ ದಾರಿ: ಸೊಸೆಯ ನಾಟಕ ಬಯಲಿಗೆಳೆಯುವುದು.

ಪಕ್ಕದ ಮನೆಯ ಮಾರಿಯಾ ಬೇಡ ಎಂದಿದ್ದಳು. "ನಮ್ ಅಂಕಲ್‌ಗೂ ನಲವತ್ತು ದಾಟಿದ್ಮೇಲೆ ಬಂತು ಆಂಟಿ. ಆಟ ಆಡ್ಬೇಡಿ, ಪ್ರಾಣಕ್ಕೇ ಬರತ್ತೆ."

"ನಿಮ್ ಅಂಕಲ್‌ಗೆ ಸೀಗಡಿ ಸುಲಿಯೋಕೆ ಹೇಳೋ ಅತ್ತೆ ಇದ್ರಾ?" ಎಂದು ಹಮೀದಾಬಿ ಅವಳ ಬಾಯಿ ಮುಚ್ಚಿಸಿದ್ದರು. ಕುಣಿಯಲಾರದವಳಿಗೆ ನೆಲ ಡೊಂಕು. ಸುಲಿಯಲಾರದವಳಿಗೆ ಅಲರ್ಜಿ. ಒಂದು ವೇಳೆ ನಿಜವೇ ಆಗಿದ್ದರೂ ನಾಲ್ಕು ಕಡೆ ತುರಿಸಿಕೊಂಡಾಳು, ಅಷ್ಟೇ ತಾನೆ?

ಪುಡಿ ದಾಲ್ಚಾದೊಳಗೆ ಬಿತ್ತು. ಬೇಳೆ, ಸೋರೆಕಾಯಿ, ಮಾಂಸ, ಹುಣಸೆಹುಳಿ, ಮೇಲೆ ಕೈತುಂಬ ಪುದೀನ. ಯಾವ ಮೂಗಿಗೂ ಗುಟ್ಟು ಸಿಗುವಂತಿರಲಿಲ್ಲ.

ಎಲ್ಲರೂ ಬಂದರು. ನೆಲದ ಮೇಲೆ ಊಟದ ಬಟ್ಟೆ ದಸ್ತರ್‌ಖಾನ್ ಹಾಸಿ ನಾಲ್ವರೂ ಸುತ್ತ ಕೂತರು. ಪದ್ಧತಿಯಂತೆ ಮೊದಲ ಸೌಟು ಮಗನಿಗೆ ಹೋಗಬೇಕಿತ್ತು. ಇಂದು ಹಮೀದಾಬಿ ಅದನ್ನು ಸೊಸೆಗೆ ಬಡಿಸಿದರು. ಶಿರೀನ್ ಬೆರಗಾಗಿ ಅತ್ತೆಯ ಮುಖ ನೋಡಿದಳು.

"ತಿನ್ನು ದುಲ್ಹನ್. ನಿನಗೇಂತ ಮಾಡಿದ್ದು."

ಆ ಒಂದು ಮಾತಿಗೆ ಸೊಸೆಯ ಕಣ್ಣು ತೇವವಾಯಿತು. ಅವಳು ತಿಂದಳು. ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡಳು. ಹಮೀದಾಬಿ ಅವಳ ತುಟಿ ನೋಡಿದರು, ಕುತ್ತಿಗೆ ನೋಡಿದರು, ಕೈ ನೋಡಿದರು. ಬೇರೆ ಯಾವುದರ ಮೇಲೂ ಅವರಿಗೆ ಗಮನವಿರಲಿಲ್ಲ. "ಅಮ್ಮಿ, ದಾಲ್ಚಾಗೆ ಏನ್ ಹಾಕಿದ್ದೀರಿ?" ಎಂದು ಅಬ್ರಾರ್ ಕೇಳಿದಾಗಲೂ ಅತ್ತ ತಿರುಗದೆ, "ಹೊಸ ಮಸಾಲೆ ಬೇಟಾ" ಎಂದರು. ಒಂದು ಗುಳ್ಳೆ ಇಲ್ಲ. ಒಂದು ಕೆಮ್ಮು ಇಲ್ಲ. ತಟ್ಟೆ ಖಾಲಿಯಾಯಿತು, ಸೊಸೆ ಗುಂಡುಕಲ್ಲಿನ ಹಾಗೆ ಕೂತಿದ್ದಳು.

ಹಮೀದಾಬಿ ಸೌಟು ಕೆಳಗಿಟ್ಟರು. ಇಷ್ಟು ಸುಖ ಅವರಿಗೆ ಮಗನ ಮದುವೆಯ ದಿನವೂ ಆಗಿರಲಿಲ್ಲ.

"ರಿಮ್ಶಾ, ನೋಡೇ ನಿನ್ನ ಭಾಭೀನ! ಎಲ್ಲಾದ್ರೂ ಊದಿದ್ಯಾ? ಕೆಂಪಾಗಿದ್ಯಾ? ಒಂದು ಹಿಡಿ ಸೀಗಡಿ ಪುಡಿ ಬಿದ್ದಿದೆ ಆ ದಾಲ್ಚಾಗೆ. ಇವಳು ಎರಡು ಸೌಟು ತಿಂದಿದಾಳೆ! ಎಲ್ಲಿದೆಯಮ್ಮಾ ನಿನ್ನ ಅಲರ್ಜಿ?"

ಶಿರೀನ್ ಎದ್ದು ಕೋಣೆಗೆ ಓಡಿದಳು.

"ಓಡು, ಓಡು. ಮುಖ ತೋರಿಸೋಕೆ ಆಗ್ಬೇಕಲ್ಲ," ಎಂದು ನಗುತ್ತಾ ಹಮೀದಾಬಿ, ಗೆದ್ದ ಖುಷಿಯನ್ನು ಹಂಚಿಕೊಳ್ಳಲು ಕೊನೆಗೂ ಮಗನ ಕಡೆ ತಿರುಗಿದರು.

ಅಬ್ರಾರ್ ಗೋಡೆಗೆ ಒರಗಿದ್ದ. ತುಟಿ, ಕಣ್ಣು ದಪ್ಪಗೆ ಊದಿದ್ದವು. ಎರಡೂ ಕೈಯಲ್ಲಿ ಗಂಟಲು ಹಿಡಿದುಕೊಂಡಿದ್ದ. ಉಸಿರು ಸೀಟಿ ಹೊಡೆಯುತ್ತಿತ್ತು.

ಶಿರೀನ್ ಇಂಜೆಕ್ಷನ್ ಹಿಡಿದು ಓಡಿ ಬಂದವಳೇ ಗಂಡನ ತೊಡೆಗೆ ಚುಚ್ಚಿ, ರಿಮ್ಶಾಳಿಗೆ ಕಾರು ತೆಗೆಯಲು ಕೂಗಿ, ಅತ್ತೆಯ ಕಡೆ ತಲೆ ಎತ್ತದೆಯೇ ಹೇಳಿದಳು: "ಅಲರ್ಜಿ ಇವರಿಗೆ ಅಮ್ಮಿ. ನಿಮ್ಗೆ ಹೇಳೋಕೆ ಹೆದ್ರಿ ನನ್ ಹೆಸರು ಹೇಳಿದ್ರು."