ಹೆಳವ ಹಾಡದೆ ಬಿಟ್ಟ ಎರಡು ಹೆಸರು

ಹೆಳವರು ಗೊತ್ತಲ್ಲ...? ನಾಲ್ಕೈದು ವರ್ಷಕ್ಕೊಮ್ಮೆ ಮನೆ ಮುಂದೆ ಬಂದು, ನಿಮ್ಮ ಅಜ್ಜ, ಮುತ್ತಜ್ಜ, ಅವರಪ್ಪ ಅಂತ ಏಳು ತಲೆಮಾರಿನ ಹೆಸರು ಹಾಡಿ, ಕಾಳು ಪಡೆದು ಹೋಗುವವರು.

ಹಾವೇರಿ ಕಡೆಯ ಯಮನಪ್ಪ ಅಂಥವನು. ಅವನ ಅಪ್ಪ ಎತ್ತಿನ ಮೇಲೆ ಕುಳಿತು ಬರುತ್ತಿದ್ದ, ಇವನು ಹಳೇ ಮೊಪೆಡ್ ಮೇಲೆ ಬರುತ್ತಾನೆ.

ಕೆಂಪು ಬಟ್ಟೆಯಲ್ಲಿ ಸುತ್ತಿದ ವಂಶಾವಳಿ ಪುಸ್ತಕ ಮಾತ್ರ ಅಪ್ಪನದೇ. ಕುತೂಹಲವೂ ಅಪ್ಪನದೇ... ಕಂಡವರ ಮನೆ ಸುದ್ದಿ ಕೇಳದೆ ಯಮನಪ್ಪನಿಗೆ ಊಟ ಸೇರುವುದಿಲ್ಲ.

ಒಂದು ಬೆಳಿಗ್ಗೆ ಅವನು ಬಾಳವ್ವನ ಮನೆಗೆ ಬಂದ. ನೋಡಿದರೆ, ಕಟ್ಟೆಯ ಮೇಲೆ ಆಗಲೇ ಇನ್ನೊಬ್ಬರು ಕಾಗದ ಹರಡಿಕೊಂಡು ಕುಳಿತಿದ್ದಾರೆ. ತಾಲೂಕು ಆಸ್ಪತ್ರೆಯ ಡಾಕ್ಟರ್ ತಬಸ್ಸುಮ್.

ಬಾಳವ್ವನಿಗೆ ಎಪ್ಪತ್ತೈದು ದಾಟಿದೆ. ಅವಳ ಮಗಳು ತೀರಿಕೊಂಡು ವರ್ಷಗಳಾದವು. ಆ ಮಗಳ ಮಗಳು ಗಿರಿಜಾ ಹೆರಿಗೆಗೆ ಅಜ್ಜಿಯ ಮನೆಗೇ ಬಂದಿದ್ದಾಳೆ. ಈಗ ಎಂಟು ತಿಂಗಳು.

ಗಿರಿಜಾಳಿಗೆ ಸ್ವಲ್ಪ ತಾಗಿದರೂ ಮೈ ಕಂದುಗಟ್ಟುತ್ತದೆ. ಪರೀಕ್ಷೆ ಮಾಡಿದರೆ, ರಕ್ತ ಹೆಪ್ಪುಗಟ್ಟಿಸುವ ಅಂಶ ಒಂದಿಷ್ಟು ಕಡಿಮೆ. ಅದಕ್ಕೇ ಡಾಕ್ಟರು ಮನೆಗೇ ಬಂದಿದ್ದರು.

"ಅಜ್ಜಿ, ನಿಮ್ಮ ಕಡೆ ಗಂಡುಹುಡುಗ್ರು ಯಾರರ ರಕ್ತ ನಿಲ್ಲದ ತೀರಿಕೊಂಡಾರೇನ್ರಿ?"

"ಇಲ್ಲವಾ."

"ಸ್ವಲ್ಪ ನೆನಪು ಮಾಡಿಕೊಂಡು ಹೇಳ್ರಿ..."

"ಇಲ್ಲ ಅಂದ್ನೆಲ್ಲ. ನಮ್ಮ ಮನ್ಯಾಗ ಅಂಥಾದ್ದೇನೂ ಇಲ್ಲ," ಎಂದು ಬಾಳವ್ವ ಚಹಾ ಇಡಲು ಒಳಗೆ ಹೋದಳು.

ಯಮನಪ್ಪನ ಕಣ್ಣು ಮಾತ್ರ ಡಾಕ್ಟರ ಕಾಗದದ ಮೇಲೆ. ಚೌಕ, ಗುಂಡು, ನಡುವೆ ಗೆರೆ...

"ಇದೇನ್ರಿ ಮೇಡಂ, ಚೌಕಾಬಾರ ಆಡಾಕ ಹಾಕೀರೇನು?"

ಡಾಕ್ಟರು ನಕ್ಕರು. "ಚೌಕ ಅಂದ್ರ ಗಂಡು, ಗುಂಡು ಅಂದ್ರ ಹೆಣ್ಣು. ಯಾರಿಗೆ ಯಾರು ಹುಟ್ಟಿದರು, ಯಾರಿಗೆ ಯಾವ ಜಡ್ಡು ಬಂತು... ಎಲ್ಲಾ ಇದರಾಗ ಬರಕೋತೀವಿ."

"ಹಂಗಾದ್ರ ನೀವೂ ನಮ್ಮ ಕಸಬಿನವರ ಬಿಡ್ರಿ. ನಿಮಗ ಪಗಾರ, ನಮಗ ಜ್ವಾಳ."

ಇನ್ನಷ್ಟು ಬಗ್ಗಿ ನೋಡಿದ. ಅವನಿಗೆ ಸೋಜಿಗವಾಯಿತು. "ಹೆಣ್ಣುಮಕ್ಕಳನ್ನೂ ಬರದೀರಲ್ರಿ... ನಮ್ಮ ಪುಸ್ತಕದಾಗ ಬರೇ ಗಂಡಸರು."

"ಹೆಣ್ಣುಮಕ್ಕಳನ್ನ ಬಿಟ್ರ ಈ ಜಡ್ಡಿನ ದಾರಿನ ಸಿಗೂದಿಲ್ಲ ಯಪ್ಪಾ. ಕೆಟ್ಟ ಜೀನ್ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಸುಮ್ಮನ ಬರತೈತಿ. ಅವರಿಗೆ ಹೆಚ್ಚೇನೂ ಆಗೂದಿಲ್ಲ. ಗಂಡುಕೂಸಿಗೆ ಬಂತಂದ್ರ ಮಾತ್ರ ಸಣ್ಣ ಗಾಯಕ್ಕೂ ರಕ್ತ ನಿಲ್ಲೂದಿಲ್ಲ."

ಡಾಕ್ಟರ ದನಿ ಇಳಿಯಿತು. "ಗಿರಿಜಾಗ ಗಂಡು ಹುಟ್ಟಿ, ಅದಕ್ಕೂ ಬಂದಿದ್ರ... ಹೆರಿಗ್ಯಾಗ ಇಕ್ಕಳ ಹಾಕಿ ಎಳದ್ರ ತಲಿಯೊಳಗ ರಕ್ತ ಸೋರಿ ಕೂಸು ಹೋಗಬಹುದು. ಮೊದಲ ಗೊತ್ತಾದ್ರ ದೊಡ್ಡ ಆಸ್ಪತ್ರ್ಯಾಗ ಔಷಧ ತಯಾರ ಇಟಗೋಬಹುದು. ಆದ್ರ ಈ ಒಂದು ರಿಪೋರ್ಟ್ ನೋಡಿ ಖಾತ್ರಿ ಹೇಳಾಕ ಬರೂದಿಲ್ಲ."

ಯಮನಪ್ಪನ ನಗು ನಿಂತುಹೋಯಿತು.

ಅವನ ಪುಸ್ತಕದಲ್ಲಿ, ಬಾಳವ್ವನ ಗಂಡನ ಹೆಸರಿನ ಕೆಳಗೆ, ಅವನು ಎಂದೂ ಹಾಡದ ಎರಡು ಹೆಸರಿದ್ದವು. ಬರೆದಿಟ್ಟವನು ಅಪ್ಪ. ಹಾಡಬೇಡ ಎಂದವನೂ ಅಪ್ಪನೇ.

"ಎಳೇ ವಯಸ್ಸಿನಾಗ ಹೋದವರ ಹೆಸರು ಅಂಗಳದಾಗ ಎತ್ತಬ್ಯಾಡ. ಹೆತ್ತ ಕರುಳು ಉರೀತೈತಿ," ಅನ್ನುತ್ತಿದ್ದ.

ಹೇಳಿದರೆ ಅಪ್ಪನ ಮಾತು ಮೀರಿದಂತೆ, ಬಾಳವ್ವನನ್ನು ಎದುರಿಗೇ ಸುಳ್ಳುಗಾತಿ ಎಂದಂತೆ. ಹೇಳದಿದ್ದರೆ...? ಗಿರಿಜಾ ಹೊಟ್ಟೆಯ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದಳು.

ಬಾಳವ್ವ ಚಹಾ ಹಿಡಿದು ಹೊರಗೆ ಬಂದಳು. ಯಮನಪ್ಪ ಕೆಂಪು ಬಟ್ಟೆ ಬಿಚ್ಚಿದ. ಈ ಸಲ ಹಾಡಲಿಲ್ಲ, ಸಣ್ಣ ದನಿಯಲ್ಲಿ ಓದಿದ.

"ಚನ್ನವೀರ... ಆರು ವರ್ಷ. ಹಲ್ಲು ಬಿದ್ದು ರಕ್ತ ನಿಲ್ಲಲಿಲ್ಲ."

"ಶಿವಪುತ್ರ... ಒಂಬತ್ತು ತಿಂಗಳು. ಕಿವಿ ಚುಚ್ಚಿಸಿದ ಮೂರನೇ ದಿನ."

ಬಾಳವ್ವ ಕಪ್ಪುಗಳನ್ನು ಕಟ್ಟೆಯ ಮೇಲಿಟ್ಟಳು. ಹತ್ತಿರ ಬಂದಳು. ಇನ್ನು ಈ ಮನೆಯ ಋಣ ಹರಿಯಿತು ಎಂದುಕೊಂಡು ಯಮನಪ್ಪ ತಲೆ ತಗ್ಗಿಸಿದ.

"ಇನ್ನೊಮ್ಮೆ ಓದೋ ಯಪ್ಪಾ..."

ಅವನಿಗೆ ನಂಬಿಕೆಯೇ ಬರಲಿಲ್ಲ. ತಲೆ ಎತ್ತಿದ.

"ಐವತ್ತು ವರ್ಷ ಆತು, ನನ್ನ ಕೂಸುಗಳ ಹೆಸರು ಇನ್ನೊಬ್ಬರ ಬಾಯಾಗ ಕೇಳಿ. ಇನ್ನೊಮ್ಮೆ ಓದು."

ಅವನು ಓದಿದ. ಬಾಳವ್ವ ಅಲ್ಲೇ ಕುಸಿದು ಕುಳಿತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

"ಮಕ್ಕಳನ್ನ ತಿಂದಾಕಿ ಅಂದ್ರು ನನಗ... ಇದನ್ನ ಬಾಯಿಬಿಟ್ರ ನನ್ನ ಗಿರಿಜಾಗೂ ಹಂಗ ಅಂತಾರ, ಗಂಡನ ಮನಿಯವರು ಬಿಟ್ಟ ಬಿಡ್ತಾರ ಅಂತ ಸುಮ್ಮನಿದ್ನೆವಾ."

ಡಾಕ್ಟರು ಅವಳ ಕೈ ಹಿಡಿದುಕೊಂಡರು. "ಯಾರೂ ಯಾರನ್ನೂ ತಿಂದಿಲ್ಲ ಅಜ್ಜಿ. ಮಗಳಿಗೆ ನಿಮ್ಮ ಮೂಗು ಬಂದಿತ್ತಂದ್ರ ಅದನ್ನ ನೀವು ಆರಿಸಿ ಕೊಟ್ಟಿದ್ರೇನು? ಇದೂ ಹಂಗ. ನಿಮಗ ಗೊತ್ತಿಲ್ಲದ ಬಂತು, ಗೊತ್ತಿಲ್ಲದ ದಾಟಿ ಹೋತು."

ಬಾಳವ್ವ ಕಣ್ಣೊರೆಸಿಕೊಂಡಳು.

"ಬರಕೋರಿ ಹಂಗಾದ್ರ. ನನ್ನ ತಮ್ಮ ಒಬ್ಬಾಂವ ಹಿಂಗ ಹೋದ. ನಮ್ಮವ್ವನ ಅಣ್ಣನೂ..."

ಡಾಕ್ಟರ ಪೆನ್ನು ಓಡುತ್ತಲೇ ಇತ್ತು. ಊರೂರಿನ ವಂಶ ಹಾಡುವ ಯಮನಪ್ಪ ಅಂದು ಕೇಳುತ್ತ ಕುಳಿತಿದ್ದ.

ಐದು ವಾರ ಕಳೆಯಿತು. ಬೇರೆ ಊರಿನ ಬೀದಿಯಲ್ಲಿದ್ದಾಗ ಅವನ ಫೋನ್ ರಿಂಗಾಯಿತು. ದೊಡ್ಡ ಆಸ್ಪತ್ರೆಯಿಂದ ಬಾಳವ್ವ.

"ಯಮನಪ್ಪಾ, ಗಂಡು ಹುಟ್ಟೇತಿ... ಪರೀಕ್ಷಾ ಮಾಡಿದ್ರು. ಅದಕ್ಕೂ ಅದ ಜಡ್ಡು ಬಂದೈತಿ."

ಯಮನಪ್ಪ ಬೀದಿ ಬದಿಯಲ್ಲೇ ಕುಳಿತು ಬಿಕ್ಕಿದ.

"ಅಳಬ್ಯಾಡೋ. ಈ ಸಲ ಮೊದಲ ಗೊತ್ತಿತ್ತು, ಔಷಧ ತಯಾರ ಇತ್ತು. ಹಾಲು ಕುಡದು ನನ್ನ ತೊಡಿ ಮ್ಯಾಲ ಮಲಗೈತಿ ನೋಡು."

*

ರಕ್ತದಲ್ಲಿ ಬಂದದ್ದಕ್ಕೆ ಯಾರೂ ತಪ್ಪಿತಸ್ಥರಲ್ಲ... ಬಾಯಿಬಿಟ್ಟು ಹೇಳಿದರೆ ಮುಂದಿನ ಕೂಸಾದರೂ ಉಳಿದೀತು.

ನಿಮ್ಮ ಮನೆಯಲ್ಲೂ ಯಾರೂ ಎತ್ತದ ಒಂದು ಹೆಸರು ಇರಬಹುದು... ಇವತ್ತು ಮನೆಯ ಹಿರಿಯರ ಹತ್ತಿರ ಕುಳಿತು ಅದನ್ನೊಮ್ಮೆ ಕೇಳುತ್ತೀರಾ?